ಹೊಲಿದ ಹಡಗೂ ಹಳೆಯ ಹಾದಿಯೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂಥ ಒಳನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಹಡಗಿನ ಮಾತೇಕೆ ಎಂದು ವಾಚಕರು ಕೇಳಿಯಾರು. ಕೇಳತಕ್ಕ ಮಾತೇ. ಆದರೆ ನಮ್ಮ ಊರುಗಳು ನಾವು ತಿಳಿದಷ್ಟು ಸಮುದ್ರಕ್ಕೆ ದೂರವಾದವಲ್ಲ. ಹಿಂದೆ ನಮ್ಮ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಯ ಪೇಟೆಯವರು ಅದನ್ನು ‘ಕುಮಟಾ ಹತ್ತಿ’ ಎಂದೇ ಕರೆದರು. ಬೆಳೆದವನ ಊರು ಮರೆತು, ಹಡಗು ಹತ್ತಿದ ಊರಿನ ಹೆಸರು ನಿಂತಿತು! ಬ್ಯಾಡಗಿಯ ಮೆಣಸಿನಕಾಯಿಯ ಮೂಲವಂತೂ ಅಮೇರಿಕೆ. ಪೋರ್ತುಗೀಜರ ಹಡಗುಗಳೊಂದಿಗೆ ಬಂದ ಬೆಳೆ ಅದು. ಅದಕ್ಕೆ ಮುಂಚೆ ನಮ್ಮವರ ಅಡಿಗೆಗೆ ಖಾರವೆಂದರೆ ಮುಖ್ಯವಾಗಿ ಕರಿಮೆಣಸು. ಮೆಣಸಿನಕಾಯಿ ಎಂಬ ಹೆಸರೇ ಆ ಕಥೆಯನ್ನು ಹೇಳುತ್ತದೆ.

ಆ ಕರಿಮೆಣಸಿನ ನಾಡಿಗೆ ಬಂದವರಲ್ಲಿ ಚೀನಿಯರೂ ಉಂಟು. ಮಿಂಗ್ ವಂಶದ ಚಕ್ರವರ್ತಿಯ ಅಪ್ಪಣೆಯಂತೆ ಝೆಂಗ್ ಹೆ ಎಂಬ ನೌಕಾಧಿಪತಿ ೧೪೦೫ರಿಂದ ೧೪೩೩ರ ವರೆಗೆ ಏಳು ಸಲ ಪಶ್ಚಿಮ ಸಮುದ್ರಕ್ಕೆ ಯಾತ್ರೆ ಕೈಕೊಂಡನು. ಮೊದಲನೆಯ ಯಾತ್ರೆಯಲ್ಲಿಯೇ ೨೭,೦೦೦ಕ್ಕೂ ಮಿಕ್ಕ ಜನರಿದ್ದರು. ಅವರು ಮುಟ್ಟಿದ್ದು ಕಲ್ಲಿಕೋಟೆಯನ್ನು. ಮುಂದಿನ ಯಾತ್ರೆಗಳು ಹೊರ್ಮುಜ್, ಆಫ್ರಿಕೆಯ ಪೂರ್ವತೀರಗಳವರೆಗೂ ಸಾಗಿದವು. ನಮ್ಮಲ್ಲಿ ಆಗ ವಿಜಯನಗರದ ದೇವರಾಯರ ಕಾಲ.

೧೪೧೩ರ ಯಾತ್ರೆಯಲ್ಲಿ ದುಭಾಷಿಯಾಗಿ ಹೊರಟ ಮಾ ಹುವಾನ್ ಎಂಬವನು ಕಲ್ಲಿಕೋಟೆಯ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅಲ್ಲಿಯ ಲೆಕ್ಕಿಗರು ಚೀನಿಯರಂತೆ ಮಣಿಚೌಕಟ್ಟು ಹಿಡಿಯದೆ, ಕೈಕಾಲುಗಳ ಇಪ್ಪತ್ತು ಬೆರಳುಗಳ ಮೇಲೆಯೇ ಲೆಕ್ಕ ಮಾಡುತ್ತಿದ್ದರಂತೆ, ಎಳ್ಳಷ್ಟೂ ತಪ್ಪುತ್ತಿರಲಿಲ್ಲವಂತೆ. ದರ ಗೊತ್ತುಮಾಡುವಾಗ ಚೆಟ್ಟಿ, ದಲಾಲಿ, ಚೀನದ ಅಧಿಕಾರಿ ಮೂವರೂ ಕೈಗೆ ಕೈ ಕೂಡಿಸಿ, ಮುಂದೆ ಬೆಲೆ ಏರಲಿ ಇಳಿಯಲಿ ಮಾತಿಗೆ ತಪ್ಪೆವೆಂದು ಒಪ್ಪುತ್ತಿದ್ದರು. ದನದ ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಂಡ ನಮ್ಮ ಕಡೆಯವರಿಗೆ ಇದು ಅಷ್ಟೇನೂ ಹೊಸತಲ್ಲ.

ಇಷ್ಟೆಲ್ಲ ಬರೆದಿಟ್ಟರೂ ಒಂದು ಮಾತು ಮಾತ್ರ ಉಳಿಯಲಿಲ್ಲ. ೧೪೩೩ರ ತರುವಾಯ ಚೀನದ ಅರಸರು ಈ ಯಾತ್ರೆಗಳನ್ನು ನಿಲ್ಲಿಸಿಬಿಟ್ಟರು. ಆ ಮಹಾನೌಕೆಗಳನ್ನು ಕಟ್ಟುವ ವಿದ್ಯೆ ಬಡಗಿಗಳ ಕೈಯೊಡನೆ ಹೋಯಿತು. ಮಿಂಗ್ ಇತಿಹಾಸದ ಪ್ರಕಾರ ದೊಡ್ಡ ಹಡಗಿನ ಉದ್ದ ೪೪೪ ಚೀನೀ ಅಡಿಗಳಷ್ಟು. ಮರದ ಹಡಗು ಅಷ್ಟುದ್ದ ಇದ್ದೀತೇ ಎಂದು ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ. ಆದ್ದರಿಂದಲೇ ಕೆಲವರು ಪುಸ್ತಕ ಮುಚ್ಚಿಟ್ಟು ಹಡಗು ಕಟ್ಟಹೊರಟರು. ಮಿಂಗ್ ಮಾದರಿಯ ‘ತೈಪಿಂಗ್ ರಾಜಕುಮಾರಿ’ ಎಂಬ ನಾವೆ ೨೦೦೮ರಲ್ಲಿ ತೈವಾನಿನಿಂದ ಪೆಸಿಫಿಕ್ ಸಾಗರವನ್ನು ದಾಟಿ ಅಮೇರಿಕೆಯನ್ನು ಮುಟ್ಟಿತು. ಮರಳುವಾಗ, ೨೦೦೯ರ ಏಪ್ರಿಲ್ ೨೬ರಂದು, ಮನೆ ಇನ್ನೇನು ಬಂತೆನ್ನುವಾಗ, ಸರಕಿನ ಹಡಗೊಂದು ಬಡಿದು ಎರಡು ತುಂಡಾಯಿತು. ಅದರಲ್ಲಿದ್ದ ೧೧ ಮಂದಿಯೂ ಬದುಕಿದರು.

ನಮ್ಮ ದೇಶದಲ್ಲಿಯೂ ಇಂಥ ಕೆಲಸ ನಡೆದಿದೆ. ಅದರ ನೆಲೆಯೂ ದೂರದ್ದಲ್ಲ, ನಮ್ಮ ಕಾರವಾರ. ಅಜಂತೆಯ ಗುಹೆಯಲ್ಲಿ ಚಿತ್ರಿತವಾದ ಐದನೆಯ ಶತಮಾನದ ಹಡಗನ್ನು ನೋಡಿ ಹೊಸದೊಂದನ್ನು ಕಟ್ಟಲು ೨೦೨೩ರಲ್ಲಿ ಗೋವೆಯಲ್ಲಿ ಆರಂಭವಾಯಿತು. ಇದರಲ್ಲಿ ಹಲಗೆಗಳನ್ನು ಕೂಡಿಸಲು ಮೊಳೆಯಿಲ್ಲ. ಹಲಗೆಯ ಅಂಚಿಗೆ ಅಂಚು ಹೊಂದಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ಮರದ ಅಂಟನ್ನು ಬಳಿಯುತ್ತಾರೆ. ಹೊಲಿದದ್ದು ನೀರಿನಲ್ಲಿ ಬಿಚ್ಚದೇ ಎಂಬ ಸಂಶಯ ಸಹಜ. ಆದರೆ ಮೊಳೆ ಬಿಗಿಯಾಗಿ ನಿಂತು ಹಲಗೆಯನ್ನು ಸೀಳುವಲ್ಲಿ, ಹುರಿ ಅಲೆಯೊಡನೆ ತುಸು ಬಾಗಿ ಮತ್ತೆ ಬಿಗಿಯುತ್ತದೆ. ಅದೇ ಅದರ ಬಲ.

ಚಿತ್ರವಿತ್ತೇ ಹೊರತು ನಕ್ಷೆ ಇರಲಿಲ್ಲ. ಮದ್ರಾಸಿನ ಐ.ಐ.ಟಿ.ಯವರು ನೀರಿನಲ್ಲಿ ಹಡಗಿನ ನಡೆಯನ್ನು ಪರೀಕ್ಷಿಸಿದರು. ಹೊಲಿಗೆಯೊಂದು ಮಾತ್ರ ಅವರ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಕೇರಳದ ಬಾಬು ಶಂಕರನ್ ಎಂಬ ಕುಶಲಿಯೂ ಅವರ ಸಂಗಡಿಗರೂ ಇಲ್ಲದಿದ್ದರೆ ಈ ಹಡಗು ಕಾಗದದ ಮೇಲೆಯೇ ಉಳಿಯುತ್ತಿತ್ತೆಂದು ನನ್ನ ಅಭಿಪ್ರಾಯ. ನಮ್ಮ ತಂದೆಯವರು ಬ್ಯಾಡಗಿಯ ಪೇಟೆಯಲ್ಲಿ ಹಮಾಲಿ ಮಾಡುವವರು. ಚೀಲದಲ್ಲಿ ಕೈಯಿಟ್ಟು ಒಂದು ಹಿಡಿ ತೆಗೆದರೆ ಸಾಕು, ಕಾಯಿ ಡಬ್ಬಿಯೋ ಕಡ್ಡಿಯೋ, ತೇವ ಎಷ್ಟಿದೆ ಎಂದು ಹೇಳಿಬಿಡುತ್ತಾರೆ. ಮನೆಯಲ್ಲಿ ಮೊದಲು ಕಾಲೇಜು ಕಂಡ ನನಗೆ ಅದು ಬಾರದು. ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ.

೨೦೨೫ರ ಮೇ ೨೧ರಂದು ಕಾರವಾರದಲ್ಲಿ ಈ ಹಡಗು ನೌಕಾದಳವನ್ನು ಸೇರಿತು. ಅದಕ್ಕೆ ಕೌಂಡಿನ್ಯನ ಹೆಸರಿಟ್ಟರು. ಕೌಂಡಿನ್ಯನೆಂದರೆ ಭಾರತದಿಂದ ಕಡಲು ದಾಟಿ, ಈಗಿನ ಕಾಂಬೋಡಿಯದ ಕಡೆ ಫುನಾನ್ ರಾಜ್ಯವನ್ನು ಸ್ಥಾಪಿಸಿದನೆಂದು ಐತಿಹ್ಯವಿರುವ ನಾವಿಕ. ಸ್ವಾರಸ್ಯವೆಂದರೆ, ಈ ಕಥೆ ಮೊದಲು ದೊರೆಯುವುದು ಮೂರನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಚೀನೀ ರಾಯಭಾರಿಯ ಬರಹದ ಮೂಲಕ. ಹಡಗಿನ ಹಾಯಿಗಳ ಮೇಲೆ ಸೂರ್ಯನೂ, ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡವೂ ಇವೆ.

ಚೌಕ ಹಾಯಿಯ ಹಡಗು ಗಾಳಿಗೆ ಎದುರಾಗಿ ಹೋಗಲಾರದು, ಗಾಳಿಗಾಗಿ ಕಾಯಬೇಕು. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಪಶ್ಚಿಮಕ್ಕೆ ಒಯ್ಯುತ್ತದೆ. ನೈಋತ್ಯದ ಗಾಳಿ ಹಿಂದಕ್ಕೆ ತರುತ್ತದೆ. ನಮ್ಮ ಹೊಲಗಳಿಗೆ ಮುಂಗಾರು ಮಳೆಯನ್ನು ತರುವುದೂ ಅದೇ. ಝೆಂಗ್ ಹೆಯ ಹಡಗುಗಳೂ ಈ ಗಾಳಿಗಳ ಪಂಚಾಂಗವನ್ನೇ ಹಿಡಿದು ನಡೆದವು. ೨೦೨೫ರ ಡಿಸೆಂಬರ್ ೨೯ರಂದು ಕೌಂಡಿನ್ಯ ಗುಜರಾತಿನ ಪೋರಬಂದರದಿಂದ ಓಮಾನಿನತ್ತ ಹೊರಟಿತು. ಮಲಗಲು ಕೋಣೆಯಿಲ್ಲ, ತಿರುಗಿಸಲು ಇಂದಿನ ಹಡಗಿನ ಚುಕ್ಕಾಣಿಯಿಲ್ಲ. ಹಿಂಬದಿಯ ದೊಡ್ಡ ಹುಟ್ಟುಗಳೇ ದಿಕ್ಕು ತೋರಿಸಬೇಕು. ೨೦೨೬ರ ಜನವರಿ ೧೪ರಂದು, ಬ್ಯಾಡಗಿಯ ಪೇಟೆಗೆ ಹೊಸ ಕಾಯಿ ಬರುವ ದಿನಗಳಲ್ಲಿ, ಆ ಹೊಲಿದ ಹಡಗು ಮಸ್ಕತ್ತನ್ನು ಮುಟ್ಟಿತು.