ತಳ್ಳಿದಷ್ಟು ಎಳೆಯಲೂ ಬೇಕು

ನಮ್ಮ ಮನೆಯ ಹುಡುಗನೊಬ್ಬ ಜಿಮ್‌ಗೆ ಸೇರಿ ಎಂಟು ತಿಂಗಳಾಗಿತ್ತು. ಎದೆ ಅಗಲವಾಯಿತು, ತೋಳು ದಪ್ಪವಾಯಿತು, ಹಳೆಯ ಅಂಗಿಗಳೆಲ್ಲ ತಮ್ಮನ ಪಾಲಾದವು. ಒಂದು ದಿನ "ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿಕೊಡು ಮೋನು" ಎಂದು ಉಮ್ಮ ಕೇಳಿದರೆ, ಕೈ ಮೇಲೆತ್ತಲಾಗದೆ ಭುಜ ಹಿಡಿದು ಕೂತುಬಿಟ್ಟ. "ಇಷ್ಟು ದಿನ ಕಬ್ಬಿಣ ಎತ್ತಿ ಏನು ಬಂತು?" ಎಂದು ಉಮ್ಮ ಗೊಣಗಿದರು.

ಅವನ ವ್ಯಾಯಾಮದ ಪಟ್ಟಿ ನೋಡಿದೆವು. ವಾರಕ್ಕೆ ಮೂರು ದಿನ ಬೆಂಚ್ ಪ್ರೆಸ್, ಅದರ ಮೇಲೆ ಪುಶ್‌ಅಪ್, ಶೋಲ್ಡರ್ ಪ್ರೆಸ್. ಬೆನ್ನಿಗೆ ಸಿಕ್ಕಿದ್ದು ಶನಿವಾರದ ಹತ್ತು ನಿಮಿಷ, ಅದೂ ಸಮಯ ಉಳಿದರೆ. ಭುಜ ನೋವಿಗೆ ಕಾರಣ ಒಂದೇ ಇರುವುದಿಲ್ಲ ನಿಜ. ಆದರೆ ಒಂದೇ ಬಗೆಯ ಭಾರವನ್ನು ಭುಜದ ಮೇಲೆ ಹೇರುತ್ತಾ ಹೋಗಿ, ಅದನ್ನು ಹಿಂದಿನಿಂದ ಹಿಡಿದು ನಿಲ್ಲಿಸುವ ಸ್ನಾಯುಗಳನ್ನು ಮರೆತರೆ ಒಳ್ಳೆಯದಂತೂ ಆಗುವುದಿಲ್ಲ.

ಕನ್ನಡಿಯಲ್ಲಿ ಕಾಣುವುದು ಎದೆ ಮತ್ತು ತೋಳು. ಬೆನ್ನು ನಮಗೆ ಕಾಣುವುದಿಲ್ಲ, ಹಾಗಾಗಿ ನೆನಪಿಗೂ ಬರುವುದಿಲ್ಲ. ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ಮನೆಯ ಬಾವಿಯಿಂದ ದಿನಕ್ಕೆ ಹತ್ತಾರು ಕೊಡ ನೀರು ಸೇದುತ್ತಿದ್ದರು. ಕಡಲ ತೀರದಲ್ಲಿ ಕೈರಂಪಣಿಯ ಹಗ್ಗ ಹಿಡಿದು ಸಾಲಾಗಿ ನಿಂತು ಬಲೆ ಎಳೆಯುತ್ತಿದ್ದರು. ಈಗ ಸ್ವಿಚ್ ಒತ್ತಿದರೆ ಟ್ಯಾಂಕಿಗೆ ನೀರು ಬರುತ್ತದೆ. ಉಳಿದ ಹೊತ್ತು ಮೊಬೈಲ್, ಬೈಕು, ಅಂಗಡಿಯ ಕೌಂಟರ್, ಕಂಪ್ಯೂಟರ್. ಎಲ್ಲದರಲ್ಲೂ ಕೈ ಮುಂದೆಯೇ.

ಎಳೆಯುವುದರಲ್ಲೂ ಎರಡು ಬಗೆ ಇದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ರಾಟೆಯ ಹಗ್ಗದಂತೆ ಮೇಲಿನಿಂದ ಕೆಳಗೆ ಎಳೆಯುವುದು ಒಂದು. ಪುಲ್‌ಅಪ್, ಲ್ಯಾಟ್ ಪುಲ್‌ಡೌನ್ ಈ ಗುಂಪಿನವು. ಬಲೆಯ ಹಗ್ಗದಂತೆ ಮುಂದಿನಿಂದ ನಮ್ಮ ಕಡೆಗೆ ಎಳೆಯುವುದು ಇನ್ನೊಂದು. ಜಿಮ್‌ನವರು ಇದಕ್ಕೆ ರೋ ಎನ್ನುತ್ತಾರೆ. ಮೊದಲನೆಯದು ಕಂಕುಳಿನ ಕೆಳಗಿನ ಅಗಲವಾದ ಬೆನ್ನಿನ ಸ್ನಾಯುವಿಗೆ ಹೆಚ್ಚು ಕೆಲಸ ಕೊಡುತ್ತದೆ. ಆದರೆ ಆ ಸ್ನಾಯು ತೋಳನ್ನು ಒಳಮುಖವಾಗಿಯೂ ತಿರುಗಿಸುತ್ತದೆ. ಎದೆಯ ಸ್ನಾಯು ಮಾಡುವುದೂ ಅದನ್ನೇ. ಆದ್ದರಿಂದ ಪುಲ್‌ಡೌನ್ ಒಂದನ್ನೇ ಮಾಡಿ "ಬೆನ್ನು ಮುಗಿಯಿತು" ಎನ್ನುವಂತಿಲ್ಲ. ಹೆಗಲ ಮೂಳೆಗಳ ನಡುವಿನ ಸ್ನಾಯುಗಳು, ಭುಜದ ಹಿಂಭಾಗ ಚೆನ್ನಾಗಿ ದುಡಿಯಬೇಕಾದರೆ ರೋ ಬೇಕೇ ಬೇಕು.

ಲೆಕ್ಕ ಸುಲಭ. ವಾರದಲ್ಲಿ ತಳ್ಳುವ ಸೆಟ್ ಎಷ್ಟೋ, ಎಳೆಯುವ ಸೆಟ್ ಕನಿಷ್ಠ ಅಷ್ಟಿರಲಿ. ವಾರಕ್ಕೆ ಎರಡು ದಿನ ವ್ಯಾಯಾಮ ಮಾಡುವವರು ಒಂದು ದಿನ ಬೆಂಚ್ ಪ್ರೆಸ್ ಜೊತೆಗೆ ರೋ, ಇನ್ನೊಂದು ದಿನ ಶೋಲ್ಡರ್ ಪ್ರೆಸ್ ಜೊತೆಗೆ ಪುಲ್‌ಡೌನ್ ಇಟ್ಟುಕೊಳ್ಳಬಹುದು. ಪ್ರತಿಯೊಂದೂ 3 ಸೆಟ್, ಸೆಟ್‌ಗೆ 8ರಿಂದ 12 ಸಲ. ಕೊನೆಗೆ ಹಗ್ಗವನ್ನು ಮುಖದ ಕಡೆಗೆ ಎಳೆಯುವ ಫೇಸ್ ಪುಲ್ ಅನ್ನು ಹಗುರ ಭಾರದಲ್ಲಿ 15 ಸಲ ಮಾಡಿದರೆ ಇನ್ನೂ ಒಳ್ಳೆಯದು.

ಬಿಟ್ಟದ್ದನ್ನೆಲ್ಲ ಒಂದೇ ದಿನ ತುಂಬಿಸುವ ಆತುರ ಬೇಡ. ಪುಲ್‌ಅಪ್, ರೋ, ಡೆಡ್‌ಲಿಫ್ಟ್, ಬೈಸೆಪ್ ಕರ್ಲ್ ಎಲ್ಲಕ್ಕೂ ಹಿಡಿತ ಅದೇ ಮುಂಗೈಯದ್ದು. ಒಟ್ಟಿಗೆ ಮಾಡಿದರೆ ಬೆನ್ನು ದಣಿಯುವ ಮೊದಲೇ ಕೈ ಸೋಲುತ್ತದೆ, ಮೊಣಕೈ ನೋಯಲು ಶುರುವಾಗುತ್ತದೆ. ಡೆಡ್‌ಲಿಫ್ಟ್ ಮಾಡಿದ ದಿನ ಬಗ್ಗಿ ನಿಂತು ಮಾಡುವ ರೋ ಬದಲು ಎದೆಯನ್ನು ಬೆಂಚಿಗೆ ಆನಿಸಿ ಮಾಡುವ ರೋ ಆರಿಸಿಕೊಂಡರೆ ಸೊಂಟಕ್ಕೂ ವಿಶ್ರಾಂತಿ. ಮೈ ತೂಗಾಡಿಸಿ ಎಳೆಯುವಷ್ಟು ಭಾರವೂ ಬೇಡ.

ಇದು ಹುಡುಗರಿಗೆ ಮಾತ್ರ ಹೇಳಿದ ಮಾತಲ್ಲ. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿರುವ ಹೆಂಗಸರು ಗಟ್ಟಿಯಾದ ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ನಿಧಾನವಾಗಿ ಹೊಟ್ಟೆಯ ಕಡೆಗೆ ಎಳೆಯಬಹುದು. ಅಥವಾ ಒಂದು ಕೈಯನ್ನು ಮಂಚದ ಮೇಲೆ ಊರಿ, ಇನ್ನೊಂದು ಕೈಯಲ್ಲಿ 5 ಕಿಲೋ ಅಕ್ಕಿ ತುಂಬಿದ ಚೀಲವನ್ನು ಸೊಂಟದವರೆಗೆ ಎತ್ತಬಹುದು. ಖರ್ಚಿಲ್ಲ, ಮನೆಯಿಂದ ಹೊರಗೆ ಹೋಗಬೇಕೆಂದೂ ಇಲ್ಲ. ಆದರೆ ನೋವು ಈಗಾಗಲೇ ಇದ್ದರೆ, ಕೈ ಮೇಲೆತ್ತಲು ಆಗದಿದ್ದರೆ, ಮೊದಲು ವೈದ್ಯರಿಗೆ ತೋರಿಸಿ.

ನಮ್ಮ ಹುಡುಗನೂ ಹಾಗೇ ಮಾಡಿದ. ಕೆಲವು ವಾರ ಬೆಂಚ್ ಪ್ರೆಸ್ ನಿಂತಿತು, ಫಿಸಿಯೋಥೆರಪಿ ನಡೆಯಿತು, ಆಮೇಲೆ ಹಗುರ ಭಾರದಲ್ಲಿ ರೋ ಶುರುವಾಯಿತು. ಮೊನ್ನೆ ಅಟ್ಟದ ಸೂಟ್‌ಕೇಸನ್ನು ಅವನೇ ಇಳಿಸಿಕೊಟ್ಟ. ಉಮ್ಮ ಏನೂ ಹೇಳಲಿಲ್ಲ. ಒಂದು ಲೋಟ ಚಹಾ ತಂದು ಕೈಗಿತ್ತರು.