ಮೂತ್ರದ ಅವಸರ: ಮಾತ್ರೆ ಸೇವಿಸುವವರು ಅರಿತಿರಬೇಕಾದುದು

ಪ್ರವಚನದ ನಡುವೆ ಎದ್ದು ಹೋಗಬೇಕಾದೀತೆಂಬ ಸಂಕೋಚದಿಂದ ಶಿವಾನುಭವ ಗೋಷ್ಠಿಗೆ ಬರುವುದನ್ನೇ ಬಿಟ್ಟ ಹಿರಿಯರು, ಜಾತ್ರೆಗೆ ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದ ನೀರನ್ನೇ ಮುಟ್ಟದ ತಾಯಂದಿರು ನಮ್ಮ ನಡುವೆ ಅನೇಕರಿದ್ದಾರೆ. ತಡೆಯಲಾಗದಂತೆ ಹಠಾತ್ತನೆ ಬರುವ ಮೂತ್ರದ ಅವಸರ, ಹಗಲಿನಲ್ಲಿ ಎಂಟಕ್ಕೂ ಹೆಚ್ಚು ಬಾರಿ ವಿಸರ್ಜನೆ, ರಾತ್ರಿ ಪದೇ ಪದೇ ಏಳುವುದು, ಕೆಲವೊಮ್ಮೆ ಶೌಚಾಲಯ ತಲುಪುವ ಮುನ್ನವೇ ಸೋರಿಕೆ ಇವು ಅತಿಚಟುವಟಿಕೆಯ ಮೂತ್ರಾಶಯದ ಲಕ್ಷಣಗಳು. ಇದು ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ; ಚಿಕಿತ್ಸೆಯುಳ್ಳ ತೊಂದರೆ.

ಆರೋಗ್ಯವಂತರ ಮೂತ್ರಾಶಯವು ಸಾಮಾನ್ಯವಾಗಿ 300ರಿಂದ 500 ಮಿ.ಲೀ. ಮೂತ್ರವನ್ನು ಹಿಡಿದಿಡಬಲ್ಲದು. ಈ ತೊಂದರೆಯಲ್ಲಿ ಅದು ತುಂಬುವ ಮೊದಲೇ ಅದರ ಸ್ನಾಯು ಸಂಕುಚಿಸತೊಡಗುತ್ತದೆ. ಆಯುರ್ವೇದವು ಬಸ್ತಿಯ ಇಂತಹ ವಿಕಾರಗಳಲ್ಲಿ ಅಪಾನವಾಯುವಿನ ಪಾತ್ರವನ್ನು ಕಾಣುತ್ತದೆ. ಮೂತ್ರದ ಸೋಂಕು, ಮಧುಮೇಹ, ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆಗಳೂ ಇವೇ ಲಕ್ಷಣಗಳನ್ನು ತೋರಬಲ್ಲವು. ಆದುದರಿಂದ ಮೊದಲು ಪರೀಕ್ಷೆ, ಅನಂತರ ಔಷಧ.

ಇದಕ್ಕೆ ಆಧುನಿಕ ವೈದ್ಯರು ಕೊಡುವ ಮಾತ್ರೆಗಳು ಮುಖ್ಯವಾಗಿ ಎರಡು ಬಗೆ. ಸೋಲಿಫೆನಾಸಿನ್, ಟಾಲ್ಟೆರೋಡಿನ್, ಆಕ್ಸಿಬ್ಯುಟಿನಿನ್ ಮೊದಲಾದವು ಮೂತ್ರಾಶಯವನ್ನು ಸಂಕುಚಿಸುವ ನರಸಂದೇಶವನ್ನು ತಡೆಯುತ್ತವೆ. ಅದೇ ಬಗೆಯ ಸಂದೇಶ ಲಾಲಾಗ್ರಂಥಿ, ಕರುಳು, ಕಣ್ಣು, ಮೆದುಳುಗಳಲ್ಲಿಯೂ ಕೆಲಸ ಮಾಡುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ದೃಷ್ಟಿ ಮಸುಕಾಗುವುದು ಉಂಟು. ಎರಡನೆಯ ಬಗೆಯ ಮಿರಾಬೆಗ್ರಾನ್ ಸ್ನಾಯುವನ್ನು ಸಡಿಲಿಸುತ್ತದೆ. ಬಾಯಿ ಒಣಗುವುದು ಇದರಲ್ಲಿ ಕಡಿಮೆ. ಆದರೆ ರಕ್ತದೊತ್ತಡ ಏರಬಹುದು.

ಈ ಮಾತ್ರೆಗಳ ಪೂರ್ಣ ಫಲ ಕಾಣಲು ನಾಲ್ಕರಿಂದ ಎಂಟು ವಾರಗಳು ಬೇಕು. ವಾರದೊಳಗೆ ಗುಣವಾಗಲಿಲ್ಲವೆಂದು ನಿಲ್ಲಿಸುವುದಾಗಲಿ, ಬೇಗ ಗುಣವಾಗಲೆಂದು ಎರಡೆರಡು ನುಂಗುವುದಾಗಲಿ ಸಲ್ಲದು. ಕಣ್ಣಿನ ಗ್ಲಾಕೋಮಾ, ಮೂತ್ರ ಪೂರ್ತಿ ಖಾಲಿಯಾಗದಿರುವುದು, ತೀವ್ರ ಮಲಬದ್ಧತೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಮೊದಲ ಬಗೆಯ ಮಾತ್ರೆ ಆರಂಭಿಸಿದ ಮೇಲೆ ವೃದ್ಧರಲ್ಲಿ ಮರೆವು, ಗೊಂದಲ, ತೂಕಡಿಕೆ ಕಾಣಿಸಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬಾರದು. ಅದು ಔಷಧದ ಪರಿಣಾಮವಿರಬಹುದು. ನೆಗಡಿ, ಅಲರ್ಜಿ, ನಿದ್ರೆಗೆಂದು ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಗೂ ಇದೇ ಗುಣವಿದ್ದು, ಜೊತೆಗೂಡಿದಾಗ ತೊಂದರೆ ಹೆಚ್ಚುತ್ತದೆ. ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೂಡಲೇ ಕಾಣಬೇಕು. ಮೂತ್ರ ಸಂಪೂರ್ಣ ಕಟ್ಟಿದರೆ, ಕಣ್ಣು ಕೆಂಪಾಗಿ ತೀವ್ರವಾಗಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರದ ತೊಂದರೆಗೆಲ್ಲ ನೆಗ್ಗಿಲಿನ ಕಷಾಯ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. ಚರಕಸಂಹಿತೆಯು ನೆಗ್ಗಿಲನ್ನು, ಅಂದರೆ ಗೋಕ್ಷುರವನ್ನು, ಮೂತ್ರವನ್ನು ಹೆಚ್ಚಿಸುವ ದ್ರವ್ಯಗಳ ಗುಂಪಿನಲ್ಲಿ ಹೇಳಿದೆ. ಮೂತ್ರವನ್ನು ಹಿಡಿದಿಡುವ ದ್ರವ್ಯಗಳ ಗುಂಪೇ ಬೇರೆ. ಅವಸರದಿಂದ ಬಳಲುವವರು ತಾವೇ ಕಷಾಯ ಕಾಯಿಸಿ ಕುಡಿಯುವುದು ಉಚಿತವಲ್ಲ. ಆಯುರ್ವೇದ ವೈದ್ಯರಿಗೆ ಮಾತ್ರೆಯ ವಿಷಯವನ್ನೂ, ಮಾತ್ರೆ ಕೊಟ್ಟವರಿಗೆ ಕಷಾಯದ ವಿಷಯವನ್ನೂ ಮುಚ್ಚಿಡದೆ ಹೇಳಬೇಕು.

ಮಾತ್ರೆಯೊಂದಿಗೆ ಅಭ್ಯಾಸವೂ ಬೇಕು. ವೇಗಗಳನ್ನು ತಡೆಯಬಾರದೆಂದು ಶಾಸ್ತ್ರ ಹೇಳುತ್ತದೆ, ನಿಜ. ಆದರೆ ಈಗಷ್ಟೇ ಹೋಗಿ ಬಂದವರಿಗೆ ಮತ್ತೆ ಬರುವ ಅವಸರ ತುಂಬಿದ ಮೂತ್ರಾಶಯದ ಕರೆಯಲ್ಲ. ಆಗ ಕುಳಿತು ಉಸಿರನ್ನು ನಿಧಾನಗೊಳಿಸಿ, ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು, ಐದು ನಿಮಿಷ ತಡೆದು ಹೋಗುವುದು. ವೈದ್ಯರ ಮಾರ್ಗದರ್ಶನದಲ್ಲಿ ಈ ಅಂತರವನ್ನು ವಾರವಾರಕ್ಕೂ ಹೆಚ್ಚಿಸುವುದು. ಚಹಾ, ಕಾಫಿಯನ್ನು ಮಿತಗೊಳಿಸಬೇಕು. ಸೊಪ್ಪು, ಹಣ್ಣುಗಳಿಂದ ಮಲಬದ್ಧತೆ ನೀಗಿಸಿಕೊಳ್ಳಬೇಕು. ನೀರನ್ನು ಮಾತ್ರ ಬಿಡಬಾರದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಅವಸರ ಇನ್ನಷ್ಟು ಕೆರಳುತ್ತದೆ. ಹಗಲಿನಲ್ಲಿ ಹಂಚಿಕೊಂಡು ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು.

ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ. ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಬಾರಿ ಹೋದಿರಿ ಎಂಬುದನ್ನು ಬರೆದಿಟ್ಟುಕೊಂಡರೆ ಚಿಕಿತ್ಸೆ ಇನ್ನೂ ಸುಲಭವಾಗುತ್ತದೆ.