ಉಪ್ಪುನೀರಿನ ನಡುವೆ ಒಂದು ಹಳೆಯ ಡೀಸೆಲ್ ಎಂಜಿನ್

ಜೂನ್ ಕೊನೆಯ ವಾರದ ಒಂದು ಬೆಳಿಗ್ಗೆ ನನ್ನ ಮಾಮು ಗಂಗೊಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದರು. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಎರಡು ಮಹಡಿ ಹತ್ತಿ ಬಂದವರೇ ಹೆಗಲ ಮೇಲಿದ್ದ ಗೋಣಿಚೀಲವನ್ನು ಊಟದ ಮೇಜಿನ ಮೇಲೆ ಇಳಿಸಿದರು. ಇಡೀ ಮನೆಗೆ ಡೀಸೆಲ್ ವಾಸನೆ. ಅಮ್ಮಿ ಹಣೆ ಚಚ್ಚಿಕೊಂಡರು. ಚೀಲದೊಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ, ಕಬ್ಬಿಣದ ಇಟ್ಟಿಗೆಯಂತಹ ಒಂದು ವಸ್ತು ಇತ್ತು. ಅದರ ತಲೆಯ ಮೇಲೆ ಸಾಲಾಗಿ ಆರು ಬಾಯಿಗಳು, ಪಕ್ಕದಲ್ಲಿ ಒಂದು ಸಣ್ಣ ಫಲಕ. ಫಲಕವನ್ನು ಒರೆಸಿ ನೋಡಿದರೆ ‘ಮೈಕೋ, ಬೆಂಗಳೂರು’ ಎಂದಿತ್ತು. ಅದು ಮಾಮುವಿನ ಮೀನುಗಾರಿಕೆ ಬೋಟಿನ ಡೀಸೆಲ್ ಪಂಪು.

ಮೈಕೋ ಎಂದರೆ 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆಡುಗೋಡಿಯ ಅದರ ಕಾರ್ಖಾನೆಯಿಂದ ಹೊರಟ ಪಂಪುಗಳು ದೇಶದ ಲಾರಿ, ಟ್ರಾಕ್ಟರುಗಳಿಗೆಲ್ಲ ಹೋದವು. ಹಾಗೆ ಹೋದ ಒಂದು ಪಂಪು ಸಮುದ್ರದಲ್ಲಿ ವರ್ಷಗಟ್ಟಲೆ ದುಡಿದು ರಿಪೇರಿಗಾಗಿ ಮತ್ತೆ ತವರಿಗೆ ಬಂದಂತಾಗಿತ್ತು.

ಗೆಳೆಯರೇ, ಈ ಪಂಪಿನ ಹಿಂದೆ ಒಂದು ಕಷ್ಟದ ಕಥೆ ಇದೆ. ಮೇ ತಿಂಗಳ ಕೊನೆಯಲ್ಲಿ ಮಾಮುವಿನ ಬೋಟಿನ ಎಂಜಿನ್ ನಡುಸಮುದ್ರದಲ್ಲಿ ಬಿಸಿಯಾಗಿ ನಿಂತುಹೋಗಿತ್ತು. ಬೇರೊಂದು ಬೋಟು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದಿತು. ನೋಡಿದ ಒಬ್ಬರು “ಈ ಎಂಜಿನ್ ಮುಗಿಯಿತು, ಹೊಸದು ಹಾಕಿ” ಎಂದರು. ಹೊಸ ಎಂಜಿನ್ ಎಂದರೆ ಹಲವು ಲಕ್ಷದ ಮಾತು. ಬಲೆಗಾಗಿ ಮಾಡಿದ ಸಾಲವೇ ಇನ್ನೂ ತೀರಿರಲಿಲ್ಲ. ಆ ಬೋಟನ್ನು ನಂಬಿ ಮಾಮುವಿನದಲ್ಲದೆ ಇನ್ನೂ ಏಳು ಮನೆಗಳಿವೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮಳೆಗಾಲ ಮೀನುಗಳ ಸಂತಾನೋತ್ಪತ್ತಿಯ ಕಾಲವೆಂದು ಈ ನಿಷೇಧ. ಒಟ್ಟು 61 ದಿನ. ಮೀನುಗಳಿಗೆ ಬಿಡುವು, ಮೆಕ್ಯಾನಿಕ್‌ಗಳಿಗೆ ಮಾತ್ರ ಬಿಡುವಿಲ್ಲ. ಬಕ್ರೀದಿಗೆ ನಾನು ಊರಿಗೆ ಹೋದಾಗ ಪಂಚಗಂಗಾವಳಿಯ ದಡದಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹೊಟ್ಟೆಯೊಳಗಿಂದಲೂ ಸುತ್ತಿಗೆಯ ಸದ್ದು. ಹಬ್ಬದ ಮರುದಿನ ಮಾಮು ನನ್ನನ್ನೂ ಕರೆದರು. “ಸೈನ್ಸ್ ಓದುತ್ತಿದ್ದೀಯಲ್ಲ, ಬಾ, ಟಾರ್ಚ್ ಹಿಡಿ.”

ಎಂಜಿನ್ನನ್ನು ಬಿಚ್ಚುತ್ತಾರೆ ಎಂದುಕೊಂಡಿದ್ದೆ. ಮೊದಲ ದಿನ ಅವರು ಅದಕ್ಕೆ ಸ್ಪ್ಯಾನರ್ ಹಚ್ಚಲೇ ಇಲ್ಲ. ಅವರ ಲೆಕ್ಕ ಬೇರೆಯೇ ಇತ್ತು. ಡೀಸೆಲ್ ಎಂಜಿನ್ ಗಟ್ಟಿ ಪ್ರಾಣಿ, ತಾನಾಗಿ ಸಾಯುವುದು ಕಡಿಮೆ. ಅದಕ್ಕೆ ನೀರು, ಎಣ್ಣೆ, ಗಾಳಿ, ಕರೆಂಟು ತಂದುಕೊಡುವ ದಾರಿಗಳು ಕೆಟ್ಟು ಅದನ್ನು ಸಾಯಿಸುತ್ತವೆ. ಆದ್ದರಿಂದ ಮೊದಲು ದಾರಿಗಳನ್ನು ನೋಡಬೇಕು, ಎಂಜಿನ್ನನ್ನು ಕೊನೆಗೆ.

ಇದು ಅರ್ಥವಾಗಲು ಡೀಸೆಲ್ ಎಂಜಿನ್ ಹೇಗೆ ಓಡುತ್ತದೆ ಎಂದು ತಿಳಿದಿರಬೇಕು. ಇದರಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೇಳನೇ ಒಂದು ಭಾಗಕ್ಕೆ ಒತ್ತುತ್ತದೆ. ಪ್ರಥಮ ಪಿಯುಸಿಯಲ್ಲಿ ಓದಿದ ಅಡಿಯಾಬ್ಯಾಟಿಕ್ ಕ್ರಿಯೆ ನೆನಪಿದೆಯೇ? 17ರ 0.4ನೇ ಘಾತ ಸುಮಾರು 3.1. ಅಂದರೆ 300 ಕೆಲ್ವಿನ್ ಇದ್ದ ಗಾಳಿ ಲೆಕ್ಕದ ಪ್ರಕಾರ 930 ಕೆಲ್ವಿನ್ ಆಗುತ್ತದೆ, ಸುಮಾರು 650 ಡಿಗ್ರಿ ಸೆಲ್ಸಿಯಸ್. ಸಿಲಿಂಡರಿನ ಗೋಡೆಗೆ ಒಂದಷ್ಟು ಶಾಖ ಹೋಗುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಆದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದು ಧಾರಾಳವಾಗಿ ಸಾಕು. ಸರಿಯಾದ ಕ್ಷಣಕ್ಕೆ ಮಂಜಿನಂತೆ ಡೀಸೆಲ್ ಸಿಂಪಡಿಸಿದರೆ ಆಯಿತು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು 1897ರಲ್ಲಿ ಓಡಿಸಿ ತೋರಿಸಿದ. (ಈತ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಸಮುದ್ರದಲ್ಲೇ ಕಾಣೆಯಾದ. ಇದನ್ನು ಹೇಳಿದಾಗ ಮಾಮು ಬಹಳ ಹೊತ್ತು ಸುಮ್ಮನಿದ್ದರು.)

ಲಾರಿಯಲ್ಲೂ ಬೋಟಿನಲ್ಲೂ ಈ ತತ್ವ ಒಂದೇ. ನಮ್ಮ ಕರಾವಳಿಯ ಎಷ್ಟೋ ಬೋಟುಗಳಲ್ಲಿ ಇರುವುದು ಲಾರಿಯ ಎಂಜಿನ್ನನ್ನೇ ಸಮುದ್ರಕ್ಕೆ ಒಗ್ಗಿಸಿದ ರೂಪ. ವ್ಯತ್ಯಾಸ ಇರುವುದು ತಂಪು ಮಾಡುವ ವಿಧಾನದಲ್ಲಿ. ಲಾರಿ ಓಡುವಾಗ ಎದುರುಗಾಳಿ ರೇಡಿಯೇಟರಿಗೆ ಬಡಿಯುತ್ತದೆ. ಬೋಟಿನ ತಳದ ಕತ್ತಲೆಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಎರಡು ಬಗೆಯ ನೀರಿಗೆ ಕೆಲಸ. ಎಂಜಿನ್ ಒಳಗೆ ಸುತ್ತುವುದು ಸಿಹಿನೀರು. ಇದು ಹೀಟ್ ಎಕ್ಸ್‌ಚೇಂಜರ್ ಎಂಬ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯೊಳಗಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಸಮುದ್ರದ ನೀರು ಹರಿಯುತ್ತದೆ. ಎರಡೂ ನೀರು ಬೆರೆಯುವುದಿಲ್ಲ, ಶಾಖ ಮಾತ್ರ ಗೋಡೆ ದಾಟಿ ಸಮುದ್ರಕ್ಕೆ ಹೋಗುತ್ತದೆ.

ಮಾಮು ಮೊದಲು ಬಿಚ್ಚಿದ್ದು ಸಮುದ್ರದ ನೀರನ್ನು ಎಳೆಯುವ ಪಂಪನ್ನು. ಅದರೊಳಗೆ ಹೂವಿನ ಎಸಳಿನಂತೆ ಆರು ರಬ್ಬರ್ ರೆಕ್ಕೆಗಳಿರುವ ಒಂದು ಚಕ್ರ ಇರುತ್ತದೆ. ಅದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ರೆಕ್ಕೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ಅವರು ಅಲ್ಲಿಗೆ ಬಿಡಲಿಲ್ಲ. ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದು ಟಾರ್ಚ್ ಹಿಡಿಯಲು ಹೇಳಿದರು. ಕೊಳವೆಗಳ ಬಾಯಿಗೆ ಎರಡು ಕಪ್ಪು ರಬ್ಬರ್ ತುಂಡುಗಳು ಅಂಟಿಕೊಂಡಿದ್ದವು. ಅಂದರೆ ಹಿಂದಿನ ಯಾವುದೋ ವರ್ಷ ಹಳೆಯ ಇಂಪೆಲ್ಲರ್ ಮುರಿದಿತ್ತು, ಹೊಸದನ್ನು ಹಾಕಿದ್ದರು, ಮುರಿದ ರೆಕ್ಕೆ ಎಲ್ಲಿ ಹೋಯಿತೆಂದು ಯಾರೂ ಹುಡುಕಿರಲಿಲ್ಲ. “ಯಾರು ಹಾಕಿದ್ದು?” ಎಂದು ಕೇಳಿದೆ. ಮಾಮು ನಕ್ಕರು. “ಮತ್ತೆ ಯಾರು, ನಾನೇ.” ಮೂರನೇ ತುಂಡು ಸಿಗಲು ಮಧ್ಯಾಹ್ನವಾಯಿತು. ಅದು ಆಯಿಲ್ ಕೂಲರಿನ ಮೂತಿಯಲ್ಲಿ ಕುಳಿತಿತ್ತು.

ಉಳಿದ ಕೊಳವೆಗಳಲ್ಲಿ ಸುಣ್ಣದಂತಹ ಬಿಳಿ ಪದರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಆದರೆ ಇಲ್ಲಿ ಕಟ್ಟಿಕೊಂಡಿದ್ದು ಅಡುಗೆ ಉಪ್ಪಲ್ಲ, ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸಕ್ಕರೆಯಂತೆ ಬಿಸಿನೀರಿನಲ್ಲಿ ಹೆಚ್ಚು ಕರಗುವ ಗುಣ ಇದಕ್ಕಿಲ್ಲ. ನೀರು ಬಿಸಿಯಾದಷ್ಟೂ ಇದರ ಕರಗುವಿಕೆ ಕಡಿಮೆಯಾಗುತ್ತದೆ. ಹಾಗಾಗಿ ಶಾಖ ದಾಟಬೇಕಾದ ಜಾಗದಲ್ಲೇ ಬಂದು ಕೂರುತ್ತದೆ, ಶಾಖವನ್ನು ತಡೆಯುತ್ತದೆ. ದುರ್ಬಲ ಆಮ್ಲದಲ್ಲಿ ನೆನೆಸಿದಾಗ ಗುಳ್ಳೆಗಳು ಎದ್ದವು. ಅದು ನಮ್ಮ ಲ್ಯಾಬಿನ ಲವಣ ಪರೀಕ್ಷೆಯ ಅದೇ ಕಾರ್ಬನ್ ಡೈಆಕ್ಸೈಡ್.

ಆ ಪೆಟ್ಟಿಗೆಯ ಪಕ್ಕಕ್ಕೆ ತಿರುಗಿಸಿ ಕೂರಿಸಿದ್ದ ಒಂದು ಬೋಲ್ಟನ್ನೂ ಮಾಮು ಬಿಚ್ಚಿ ತೋರಿಸಿದರು. ತುದಿಯಲ್ಲಿ ಪೆನ್ಸಿಲಿನಷ್ಟು ಸತು ಇರಬೇಕಾಗಿತ್ತು. ಇದ್ದದ್ದು ಬಟಾಣಿ ಕಾಳಿನಷ್ಟು. ದ್ವಿತೀಯ ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಸತುವಿನ ವಿಭವ ಮೈನಸ್ 0.76 ವೋಲ್ಟ್, ತಾಮ್ರದ್ದು ಪ್ಲಸ್ 0.34 ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದರ ಉಪಯೋಗ ಇದು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಸೇರಿದರೆ ಅದೊಂದು ಬ್ಯಾಟರಿಯೇ. ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ ಮೊದಲು ಸವೆಯುತ್ತದೆ. ಬೇಕೆಂದೇ ಸತುವನ್ನು ಮುಂದೆ ನಿಲ್ಲಿಸಿದರೆ ಅದು ತಾನು ಕರಗಿ ತಾಮ್ರದ ಕೊಳವೆಯನ್ನು ಉಳಿಸುತ್ತದೆ. ಅದು ಮುಗಿದ ಮೇಲೆ ಕೊಳವೆಯ ಸರದಿ. ಪೂರ್ತಿ ಎಂಜಿನ್ನಿಗೆ ಹೋಲಿಸಿದರೆ ಆ ಸತುವಿನ ಬೆಲೆ ಏನೇನೂ ಅಲ್ಲ. ಆದರೂ ಎಷ್ಟು ಜನ ಅದನ್ನು ನೋಡದೆ ಬಿಡುತ್ತಾರೆಂದು ಮಾಮು ಗೊಣಗಿದರು. ಅವರೂ ಬಿಟ್ಟಿದ್ದರು ಎಂಬುದನ್ನು ನಾನು ನೆನಪಿಸಲಿಲ್ಲ.

ಇಷ್ಟಾದ ಮೇಲೆ ಎಂಜಿನ್ನಿನ ಸರದಿ. ಹೊರಗೆ ತೆಗೆದ ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಂದು ಬಿಸಿ ತಗಡಿನ ಮೇಲೆ ಎರಡು ಹನಿ ಬಿಟ್ಟರೆ ಚಟಚಟ ಎಂದಿತು. ಆಯಿಲಿನಲ್ಲಿ ನೀರು ಸೇರಿದೆ ಎಂದು ಹೇಳಲು ಇಷ್ಟು ಸಾಕು. ಪ್ರತಿ ಸಿಲಿಂಡರಿಗೂ ಗೇಜ್ ಹಾಕಿ ಒತ್ತಡ ಅಳೆದರು. ಐದು ಹತ್ತಿರ ಹತ್ತಿರ ಒಂದೇ ಸಮ, ನಾಲ್ಕನೆಯದು ಮಾತ್ರ ಬಹಳ ಕೆಳಗೆ. ಬಿಸಿಯಾದಾಗ ಸಿಲಿಂಡರ್ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಅಲ್ಲಿ ಸುಟ್ಟು, ನೀರಿನ ದಾರಿಗೂ ಸಿಲಿಂಡರಿಗೂ ನಡುವೆ ಬಿರುಕು ಬಿಟ್ಟಿತ್ತು. ಹೆಡ್ ತೆಗೆದು ನೋಡಿದರೆ ಪಿಸ್ಟನ್, ಲೈನರ್, ಬೇರಿಂಗುಗಳು ಇನ್ನೂ ಕೆಲಸಕ್ಕೆ ಯೋಗ್ಯವಾಗಿದ್ದವು. ಹೆಡ್ಡಿನ ತಳವನ್ನು ಕುಂದಾಪುರದಲ್ಲಿ ಮಟ್ಟಸ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಅಳತೆಯ ಸ್ಪ್ಯಾನರಿನಿಂದ ಬಿಗಿಮಾಡಿದರು. ಹೊಸ ಎಂಜಿನ್ ಬೇಡ ಎಂದು ತೀರ್ಮಾನವಾದದ್ದು ಆ ಸಂಜೆ. ಮಾಮು ಅದನ್ನು ಯಾರಿಗೂ ದೊಡ್ಡದಾಗಿ ಹೇಳಲಿಲ್ಲ. ಮಾಮಿಗೆ ಫೋನ್ ಮಾಡಿ ಮೀನು ಹುರಿಯಲು ಹೇಳಿದರು, ಅಷ್ಟೆ.

ಇನ್ನು ನಮ್ಮ ಊಟದ ಮೇಜಿಗೆ ಬಂದ ಪಂಪಿನ ವಿಷಯ. ಅರ್ಧ ತುಂಬಿದ ಡೀಸೆಲ್ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರ, ತಳದಲ್ಲಿ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ನಾನು ಇದನ್ನು ನಂಬಿರಲಿಲ್ಲ, ಫಿಲ್ಟರ್ ಬಟ್ಟಲಿನಲ್ಲಿ ಕಣ್ಣಾರೆ ಕಂಡೆ. ಪಂಪಿನೊಳಗಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಅಂತಹ ಸಂದಿನೊಳಗೆ ಒಂದು ಹನಿ ನೀರು ಎರಡು ತಿಂಗಳು ನಿಂತರೆ ಏನಾಗುತ್ತದೆಂದು ಊಹಿಸಿ.

ಮೈಸೂರು ರಸ್ತೆಯ ಕಡೆಯ ಒಂದು ಸಣ್ಣ ವರ್ಕ್‌ಶಾಪಿಗೆ ಮಾಮುವಿನ ಜೊತೆ ನಾನೂ ಹೋದೆ. ಆಟೋದವರು ಗೋಣಿಚೀಲವನ್ನು ಅನುಮಾನದಿಂದ ನೋಡಿದರು. ಅಲ್ಲಿ ಪಂಪನ್ನು ಒಂದು ಬೆಂಚಿಗೆ ಕಟ್ಟಿ ಮೋಟಾರಿನಿಂದ ತಿರುಗಿಸುತ್ತಾರೆ. ಆರು ಬಾಯಿಗಳಿಂದ ಬರುವ ಎಣ್ಣೆ ಆರು ಗಾಜಿನ ಕೊಳವೆಗಳಿಗೆ ಬೀಳುತ್ತದೆ. ಎಣಿಸಿದಷ್ಟು ಸುತ್ತುಗಳಾದ ಮೇಲೆ ನಿಲ್ಲಿಸಿದರೆ ಆರರಲ್ಲೂ ಮಟ್ಟ ಒಂದೇ ಇರಬೇಕು. ನಮ್ಮದರಲ್ಲಿ ನಾಲ್ಕು ಸಮ ಇದ್ದವು, ಎರಡು ತಗ್ಗಿದ್ದವು. ಒಂದು ಸಿಲಿಂಡರಿಗೆ ಕಡಿಮೆ ಬಂದರೆ ಉಳಿದವು ಅದರ ಭಾರವನ್ನೂ ಹೊರಬೇಕು, ಹೊಗೆ ಕಪ್ಪಾಗುತ್ತದೆ, ಡೀಸೆಲ್ ಖರ್ಚೂ ಏರುತ್ತದೆ. ಆ ಎರಡು ಪ್ಲಂಜರ್ ಜೋಡಿಗಳನ್ನು ಬದಲಿಸಿದರು. ಮೂರನೇ ಸಲ ಓಡಿಸಿದಾಗ ಆರೂ ಗಾಜುಗಳಲ್ಲಿ ಗೆರೆ ಸಮ ಬಂತು. ನೋಡಲು ಬಹಳ ಚೆನ್ನಾಗಿತ್ತು.

ವೈರಿಂಗ್ ಕೆಲಸ ನಾನು ನೋಡಿಲ್ಲ, ಮಾಮು ಹೇಳಿದ್ದು. ಹಿಂದಿನ ವರ್ಷ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲವೆಂದು ಹೊಸ ಬ್ಯಾಟರಿ ತಂದಿದ್ದರಂತೆ, ತಪ್ಪು ಇದ್ದದ್ದು ಹಸಿರುಗಟ್ಟಿದ ಟರ್ಮಿನಲ್ಲಿನಲ್ಲಿ. ಓಮನ ನಿಯಮದಿಂದ ನೋಡಿ: ಸ್ಟಾರ್ಟರ್ 300 ಆಂಪಿಯರ್ ಎಳೆಯುತ್ತದೆ, ಟರ್ಮಿನಲ್ಲಿನ ರೋಧ ಬರೀ 0.02 ಓಮ್ ಎಂದಿಟ್ಟುಕೊಂಡರೂ 6 ವೋಲ್ಟ್ ಅಲ್ಲೇ ನಷ್ಟ. 24 ವೋಲ್ಟಿನಲ್ಲಿ 18 ಮಾತ್ರ ಉಳಿಯಿತು.

ಜುಲೈ ಕೊನೆಯ ಭಾನುವಾರ ಅಬ್ಬಾ ಮತ್ತು ನಾನು ಗಂಗೊಳ್ಳಿಗೆ ಹೋದೆವು. ಬೋಟು ನೀರಿಗಿಳಿದು ಮೂರು ದಿನವಾಗಿತ್ತು, ಎಂಜಿನ್ ಮಾತ್ರ ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಕಾರಣ ಕೇಳಿದೆ. ದಡದ ಮೇಲೆ ದಿಮ್ಮಿಗಳ ಮೇಲೆ ಕುಳಿತ ಮರದ ಬೋಟಿನ ಆಕಾರ ಒಂದು, ನೀರಿನಲ್ಲಿ ತೇಲುವಾಗಿನದು ಇನ್ನೊಂದು. ಗೇರ್‌ಬಾಕ್ಸಿನಿಂದ ಹೊರಡುವ ಚಕ್ರವೂ ಪ್ರೊಪೆಲ್ಲರ್ ಶಾಫ್ಟಿನ ಚಕ್ರವೂ ನೇರ ಮುಖಾಮುಖಿ ಕೂರಬೇಕು. ನಾಲ್ಕು ಇಂಚಿನ ಚಕ್ರದಲ್ಲಿ ಮೇಲೆ ಕೆಳಗೆ ಸಂದಿನ ವ್ಯತ್ಯಾಸ 0.1 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಾದರೆ ಶಾಫ್ಟ್ ನಡುಗಿ ಬೇರಿಂಗನ್ನೂ ಗೇರ್‌ಬಾಕ್ಸನ್ನೂ ತಿನ್ನುತ್ತದೆ. ದಡದ ಮೇಲೆ ಮಾಡಿದ ಅಳತೆ ನೀರಿಗಿಳಿದ ಮೇಲೆ ಸುಳ್ಳಾಗುತ್ತದೆ. ಬೋಟು ನೀರಿಗೆ ಹೊಂದಿಕೊಳ್ಳಲಿ ಎಂದು ಮೂರು ದಿನ ಕಾದು, ತೆಳು ಉಕ್ಕಿನ ಎಲೆಗಳನ್ನು ಸಂದಿನಲ್ಲಿ ತೂರಿಸಿ ನೋಡಿ, ಎಂಜಿನ್ನಿನ ಕಾಲುಗಳ ಕೆಳಗೆ ತಗಡಿನ ಚೂರು ಇಟ್ಟು ಸರಿಮಾಡಿದರು. ಇಷ್ಟಕ್ಕೇ ಮಧ್ಯಾಹ್ನವಾಯಿತು.

ಅಸರ್ ನಮಾಜ್ ಮುಗಿಸಿ ಬಂದು ಕೀಲಿ ತಿರುಗಿಸಿದರು. ಮೊದಲ ಸಲ ಹತ್ತಲಿಲ್ಲ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಇಂಜೆಕ್ಟರಿನ ನಟ್ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಸಿದರು. ಎರಡನೇ ಸಲ ಎಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಹಿಡಿದುಕೊಂಡಿತು. ಬಿಳಿ ಹೊಗೆ ಎಂದರೆ ಸರಿಯಾಗಿ ಉರಿಯದ ಡೀಸೆಲ್ ಅಥವಾ ನೀರಿನ ಆವಿ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಗ್ಯಾಸ್ಕೆಟ್ ಕೆಲಸ ವ್ಯರ್ಥ. ಎಲ್ಲರೂ ಹೊಗೆಯ ಕಡೆಗೇ ನೋಡುತ್ತಿದ್ದರು. ಐದಾರು ನಿಮಿಷಗಳಲ್ಲಿ ಅದು ತೆಳುವಾಗಿ, ಆಮೇಲೆ ಕಾಣದೇ ಹೋಯಿತು. ತಾಪದ ಮುಳ್ಳು 80ರ ಹತ್ತಿರ ಬಂದು ನಿಂತಿತು, ಮೇಲಕ್ಕೆ ಹೋಗಲಿಲ್ಲ.

ಮಾಮು ಮಾತ್ರ ಮುಳ್ಳನ್ನು ನೋಡುತ್ತಿರಲಿಲ್ಲ. ಬೋಟಿನ ಹಿಂಭಾಗದಲ್ಲಿ ಬಗ್ಗಿ, ಶಾಫ್ಟ್ ಹೊರಗೆ ಹೋಗುವ ಜಾಗದ ಹಗ್ಗದ ಪ್ಯಾಕಿಂಗಿಗೆ ಟಾರ್ಚ್ ಹಿಡಿದು ಹನಿ ಎಣಿಸುತ್ತಿದ್ದರು. ಅಲ್ಲಿ ನೀರು ಪೂರ್ತಿ ನಿಂತರೆ ಹಗ್ಗ ಬಿಸಿಯಾಗಿ ಶಾಫ್ಟನ್ನು ತಿನ್ನುತ್ತದೆ, ಹೆಚ್ಚು ಬಂದರೆ ಬೋಟಿನೊಳಗೆ ನೀರು. ನಿಮಿಷಕ್ಕೆ ಎಂಟು ಹನಿ ಎಂದರು. ಮತ್ತೆ ಒಂದು ನಿಮಿಷ ಎಣಿಸಿದರು. ಎಂಟೇ.